ಇನ್ಫರ್ಮೇಶನ್ ಸೈನ್ಸೋ, ಬಿಸಿಎಯೋ? ಆಪ್ಷನ್ ಎಂಟ್ರಿಗೆ ಮೊದಲು ಸಲಹೆ ಬೇಕು

ದಕ್ಕೆಯ ಹುಡುಗಿ, ಮಲ್ಪೆ

ಎಲ್ಲರಿಗೂ ನಮಸ್ಕಾರ. ನಾನು ಈ ಸಲ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ತೆಗೆದುಕೊಂಡಿದ್ದ ವಿಷಯ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್). ಹತ್ತನೆಯ ತರಗತಿಯವರೆಗೆ ಓದಿದ್ದು ಸರಕಾರಿ ಕನ್ನಡ ಶಾಲೆಯಲ್ಲಿ. ಸಿಇಟಿ ರ‍್ಯಾಂಕ್ ಬಂದಿದೆ. ಇನ್ನು ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿ ಬಾಕಿ ಇದೆ. ರ‍್ಯಾಂಕ್ ನೋಡಿದ ನಮ್ಮ ಲೆಕ್ಚರರ್, ಮಂಗಳೂರಿನ ಕಡೆಯ ಒಂದೆರಡು ಕಾಲೇಜುಗಳಲ್ಲಿ ಇನ್ಫರ್ಮೇಶನ್ ಸೈನ್ಸ್ ಸಿಗಬಹುದು, ಕಂಪ್ಯೂಟರ್ ಸೈನ್ಸ್ ಸಿಗುವುದು ಕಷ್ಟ ಎಂದಿದ್ದಾರೆ. ಇನ್ನೊಂದು ದಾರಿ ಉಡುಪಿಯಲ್ಲೇ ಬಿಸಿಎ ಮಾಡುವುದು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು, ಫೀಸೂ ಕಡಿಮೆ, ಮೂರೇ ವರ್ಷದಲ್ಲಿ ಮುಗಿಯುತ್ತದೆ.

ಅಪ್ಪ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲೇ (ಬಂದರಿನ ಕಟ್ಟೆಯಲ್ಲೇ) ಇರುತ್ತವೆ, ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಸೀಟು ಹಂಚಿಕೆಯಾಗಿ ಫೀಸು ಕಟ್ಟಬೇಕಾದದ್ದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಆದ್ದರಿಂದ ತಪ್ಪು ಆಯ್ಕೆ ಮಾಡಿ ಆಮೇಲೆ ಬದಲಾಯಿಸುವ ಅನುಕೂಲ ನಮಗಿಲ್ಲ. ಇನ್ಫರ್ಮೇಶನ್ ಸೈನ್ಸ್ ಎಂದರೆ ಕಂಪ್ಯೂಟರ್ ಸೈನ್ಸಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ? ಬಿಸಿಎ ಮಾಡಿದವರಿಗೆ ಸಾಫ್ಟ್‌ವೇರ್ ಕೆಲಸ ಸಿಗುತ್ತದೆಯೇ? ಕನ್ನಡ ಮಾಧ್ಯಮದಿಂದ ಬಂದವಳು ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಇದನ್ನು ಓದಿ ಗೆಲ್ಲಬಲ್ಲೆನೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಐದನೇ ಸೆಮಿಸ್ಟರ್, ಅಡ್ಯಾರು

ನಾನು ಇನ್ಫರ್ಮೇಶನ್ ಸೈನ್ಸ್ ವಿದ್ಯಾರ್ಥಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ನಾಲ್ಕನೆಯದರ ಅಲ್ಗಾರಿದಮ್ಸ್ ಮತ್ತು ಡಿಬಿಎಂಎಸ್ (ದತ್ತಾಂಶ ನಿರ್ವಹಣೆ), ಐದನೆಯದರ ಕಂಪ್ಯೂಟರ್ ನೆಟ್‌ವರ್ಕ್ಸ್ ಎರಡೂ ಬ್ರಾಂಚಿನವರಿಗೆ ಒಂದೇ. ಸ್ವಾಯತ್ತ ಕಾಲೇಜುಗಳಲ್ಲಿ ಸ್ವಲ್ಪ ಹಿಂದುಮುಂದಾಗಬಹುದು. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಎರಡೂ ಬ್ರಾಂಚಿನವರನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ಒಂದೇ ಪ್ರಶ್ನೆಪತ್ರಿಕೆ ಕೊಡುತ್ತವೆ. ಬ್ರಾಂಚಿನ ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ಕುಂಜಿಬೆಟ್ಟು ನಿವಾಸಿ

ಇನ್ಫರ್ಮೇಶನ್ ಸೈನ್ಸಿನಲ್ಲಿ ಹಾರ್ಡ್‌ವೇರ್ ಕಲಿಸುವುದೇ ಇಲ್ಲವಲ್ಲ. ಮುಂದೆ ಎಂ.ಟೆಕ್ ಮಾಡುವಾಗ ಅದು ತೊಂದರೆಯಾಗುವುದಿಲ್ಲವೇ?

ಐದನೇ ಸೆಮಿಸ್ಟರ್, ಅಡ್ಯಾರು

ಅದು ತಪ್ಪು ತಿಳಿವಳಿಕೆ ಸರ್. ಡಿಜಿಟಲ್ ಡಿಸೈನ್ ಮತ್ತು ಕಂಪ್ಯೂಟರ್ ಆರ್ಗನೈಸೇಶನ್ ನಮಗೂ ಇದೆ. ಎಂ.ಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಈ ಪತ್ರಿಕೆಯ ಹೆಸರೇ ‘ಕಂಪ್ಯೂಟರ್ ಸೈನ್ಸ್ ಅಂಡ್ ಇನ್ಫರ್ಮೇಶನ್ ಟೆಕ್ನಾಲಜಿ’ ಎಂದಿದೆ. ಇಬ್ಬರಿಗೂ ಅದೊಂದೇ ಪತ್ರಿಕೆ.

ಶಿರಾಡಿ ದಾಟಿದವನು

ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರು ಕಾಪುವಿನ ಹತ್ತಿರ. ಕೆಲವು ವರ್ಷಗಳಿಂದ ಹೊಸಬರ ಸಂದರ್ಶನ ಮಾಡುವ ಹೊಣೆಯೂ ನನ್ನ ಮೇಲಿದೆ. ಆದ್ದರಿಂದ ಮೇಜಿನ ಈ ಬದಿಯಲ್ಲಿ ಕುಳಿತು ಕಂಡದ್ದನ್ನು ಹೇಳುತ್ತೇನೆ.

ಕಳೆದ ವರ್ಷ ಒಬ್ಬ ಹುಡುಗ ಬಂದಿದ್ದ. ಅಂಕಗಳು ಚೆನ್ನಾಗಿದ್ದವು, ಬ್ರಾಂಚು ಕಂಪ್ಯೂಟರ್ ಸೈನ್ಸ್, ಪ್ರಾಜೆಕ್ಟು ಆಸ್ಪತ್ರೆಯ ದಾಖಲಾತಿ ನಿರ್ವಹಣೆ. ಪ್ರಾಜೆಕ್ಟಿನಲ್ಲಿ ಬಳಸಿದ ಟೇಬಲ್‌ಗಳನ್ನು ಹಾಳೆಯ ಮೇಲೆ ಬರೆದು ತೋರಿಸು ಎಂದೆ. ಬರೆದ. ರೋಗಿಯ ಮೊಬೈಲ್ ಸಂಖ್ಯೆಯನ್ನು ‘ಇಂಟಿಜರ್’ (ಪೂರ್ಣಾಂಕ) ಎಂದು ಗುರುತಿಸಿದ್ದ. ಸಾಮಾನ್ಯವಾದ 32 ಬಿಟ್ಟಿನ ಇಂಟಿಜರಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ನಮ್ಮ ಮೊಬೈಲ್ ಸಂಖ್ಯೆಗಳು ಹತ್ತು ಅಂಕಿಯವು, ಆರರಿಂದ ಒಂಬತ್ತರೊಳಗಿನ ಅಂಕಿಯಿಂದ ಆರಂಭವಾಗುತ್ತವೆ. ಅಂದರೆ ಭಾರತದ ಯಾವ ಮೊಬೈಲ್ ಸಂಖ್ಯೆಯೂ ಅದರಲ್ಲಿ ಹಿಡಿಸುವುದಿಲ್ಲ. ಅವನ ಪ್ರಾಜೆಕ್ಟು ನಿಜವಾಗಿ ಓಡಿದ್ದರೆ ಮೊದಲ ರೋಗಿಯ ಸಂಖ್ಯೆ ಬರೆಯುವಾಗಲೇ ಅದು ಗೊತ್ತಾಗಬೇಕಿತ್ತು. ಮೆಲ್ಲಗೆ ಕೇಳಿದಾಗ, ಕಾಲೇಜಿನ ಹತ್ತಿರದ ಅಂಗಡಿಯೊಂದರಿಂದ ನಾಲ್ವರು ಸೇರಿ ಹಣ ಕೊಟ್ಟು ತಂದದ್ದು ಎಂದು ಒಪ್ಪಿಕೊಂಡ. ನನಗೆ ಬಹಳ ಬೇಸರವಾಯಿತು, ಏಕೆಂದರೆ ಆ ಹುಡುಗ ದಡ್ಡನಾಗಿರಲಿಲ್ಲ. ಅದೇ ದಿನ ಮಧ್ಯಾಹ್ನ ಬಂದ, ಇನ್ಫರ್ಮೇಶನ್ ಸೈನ್ಸ್ ಓದಿದ ಒಬ್ಬ ಹುಡುಗಿ ಅದೇ ಪ್ರಶ್ನೆಗೆ, ‘ಫೋನ್ ಸಂಖ್ಯೆಯನ್ನು ನಾವು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ, ಹಾಗಾಗಿ ಅದು ಅಕ್ಷರಗಳ ಸಾಲಾಗಿಯೇ ಇರಬೇಕು’ ಎಂದಳು. ಅವಳ ಪ್ರಾಜೆಕ್ಟು ಚಿಕ್ಕದು, ತಮ್ಮೂರಿನ ಹಾಲಿನ ಡೈರಿಯ ಲೆಕ್ಕ. ಆದರೆ ಪ್ರತಿಯೊಂದು ಸಾಲನ್ನೂ ಅವಳೇ ಬರೆದಿದ್ದಳು.

ತಂಗೀ, ನನ್ನ ಸಲಹೆ ಎಂಜಿನಿಯರಿಂಗ್ ಕಡೆಗೆ. ಫೀಸಿಗೆ ದಾರಿಯಾಗುವುದಾದರೆ ಇನ್ಫರ್ಮೇಶನ್ ಸೈನ್ಸಿಗೇ ಹೋಗು. ಬಿಸಿಎ ಮಾಡಿದವರನ್ನು ಕಂಪನಿಗಳು ಹೆಚ್ಚಾಗಿ ಬಳಕೆದಾರರ ತೊಂದರೆ ನೋಡಿಕೊಳ್ಳುವ ಸಪೋರ್ಟ್ ಕೆಲಸಕ್ಕಷ್ಟೇ ತೆಗೆದುಕೊಳ್ಳುತ್ತವೆ.

ಬಿಸಿಎ ಮೇಡಂ

ಶಿರಾಡಿ ದಾಟಿದವರೇ, ಮೊಬೈಲ್ ಸಂಖ್ಯೆಯ ಉದಾಹರಣೆಯನ್ನು ನಾಳೆಯೇ ನನ್ನ ತರಗತಿಯಲ್ಲಿ ಹೇಳುತ್ತೇನೆ. ಆದರೆ ನಿಮ್ಮ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಹದಿನೈದು ವರ್ಷದಿಂದ ಉಡುಪಿ ಜಿಲ್ಲೆಯ ಕಾಲೇಜೊಂದರಲ್ಲಿ ಬಿಸಿಎ ತರಗತಿಗೆ ಪಾಠ ಮಾಡುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಸಪೋರ್ಟಿಗೆ ಸೇರಿದವರೂ ಇದ್ದಾರೆ, ಬ್ಯಾಂಕಿಂಗ್ ತಂತ್ರಾಂಶ ಬರೆಯುತ್ತಿರುವವರೂ ಇದ್ದಾರೆ. ವಿಪ್ರೋ ಕಂಪನಿ ಬಿಸಿಎ ಮತ್ತು ಬಿಎಸ್ಸಿ ಪದವೀಧರರನ್ನೇ ಆರಿಸಿ, ಕೆಲಸ ಕೊಟ್ಟು, ಜೊತೆಗೆ ಎಂ.ಟೆಕ್ ಓದಿಸುವ ಯೋಜನೆಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಬಿಸಿಎಯ ಮೇಲೆ ಎಂಸಿಎ ಮಾಡಬಯಸುವವರು ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಬಹುದು. ಗಣಿತ ಗಟ್ಟಿಯಿರುವವರು ಎನ್‌ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ ನಿಮ್ಸೆಟ್ ಬರೆದು ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಗೇ ಸೇರಬಹುದು. ಸಿಇಟಿ ರ‍್ಯಾಂಕಿನಿಂದ ತಲುಪಲಾಗದ ಬಾಗಿಲನ್ನು ಮೂರು ವರ್ಷ ಚೆನ್ನಾಗಿ ಓದಿ ಹೀಗೆ ತಲುಪಿದವರಿದ್ದಾರೆ.

ಇನ್ನೊಂದು ಮಾತು. ಬಿಸಿಎಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಭಾರ ಇಲ್ಲ. ಮೊದಲ ಸೆಮಿಸ್ಟರಿನಲ್ಲೇ ಸಿ ಭಾಷೆಯ ಪ್ರೋಗ್ರಾಮು ಬರೆಯಲು ಕೂರುತ್ತೇವೆ. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯ ಪದ್ಧತಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ಗೊಂದಲದಲ್ಲಿ ಮಕ್ಕಳು ಬಹಳ ಕಷ್ಟಪಟ್ಟರು ಎನ್ನುವುದು ನಿಜ. ಈಗ ಅದು ತಿಳಿಯಾಗಿದೆ.

ಶಿರಾಡಿ ದಾಟಿದವನು

ಮೇಡಂ, ‘ಅಷ್ಟೇ’ ಎಂದು ಬರೆದದ್ದು ನನ್ನ ತಪ್ಪು, ಹಿಂದೆಗೆದುಕೊಳ್ಳುತ್ತೇನೆ. ಆದರೆ ಅರ್ಜಿ ಹಾಕುವಾಗಲೇ ಬಿ.ಇ. ಮಾತ್ರ ಎಂದು ಬಾಗಿಲು ಮುಚ್ಚುವ ಕಂಪನಿಗಳು ಇಂದಿಗೂ ಇವೆ. ಅದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಹದಿನೆಂಟು ವರ್ಷದ ಹುಡುಗಿ ನಿರ್ಧಾರ ಮಾಡುವಾಗ ಅದು ಅವಳಿಗೆ ತಿಳಿದಿರಬೇಕು ಎನ್ನುವುದಷ್ಟೇ ನನ್ನ ಉದ್ದೇಶ.

ಬಿಸಿಎ ಮೇಡಂ

ಅದನ್ನು ಒಪ್ಪುತ್ತೇನೆ. ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇರಬೇಕು ಎಂಬ ಷರತ್ತೂ ಅನೇಕ ಕಡೆ ಇದೆ. ಮೊದಲ ವರ್ಷ ಹಗುರಾಗಿ ತೆಗೆದುಕೊಂಡು ಅಂಕ ಕಳೆದುಕೊಂಡವರು ಕೊನೆಯ ವರ್ಷ ನನ್ನ ಮುಂದೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ಹೆಬ್ರಿ ಬಸ್ಸು

ಕನ್ನಡ ಮಾಧ್ಯಮದ ಪ್ರಶ್ನೆಗೆ ನಾನು ಉತ್ತರಿಸಲೇಬೇಕು, ಏಕೆಂದರೆ ಎಂಟು ವರ್ಷದ ಹಿಂದೆ ಇದೇ ಭಯ ನನ್ನದಾಗಿತ್ತು. ನಾನೂ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವಳು. ಈಗ ಉಡುಪಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ.

ಮೊದಲ ಸೆಮಿಸ್ಟರಿನಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತರೂ ಪಾಠ ನನ್ನ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಪ್ರಶ್ನೆ ಕೇಳಬೇಕೆಂದರೆ ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಕಟ್ಟುವಷ್ಟರಲ್ಲಿ ಮೇಡಂ ಮುಂದಿನ ಸ್ಲೈಡಿಗೆ ಹೋಗಿರುತ್ತಿದ್ದರು. ಡೇಟಾ ಸ್ಟ್ರಕ್ಚರ್ಸ್ ಬಂದಾಗ ನಾನೊಂದು ಉಪಾಯ ಮಾಡಿದೆ. ಪುಸ್ತಕದ ಅಂಚಿನಲ್ಲಿ ಪ್ರತಿಯೊಂದು ಪದಕ್ಕೂ ಮನೆಯಲ್ಲಿ ಬಳಸುವ ಮಾತನ್ನು ಬರೆಯತೊಡಗಿದೆ. ಸ್ಟ್ಯಾಕ್ ಎಂದರೆ ‘ಅಟ್ಟಿ’. ನಮ್ಮ ಅಡಿಕೆ ಗೋಣಿಗಳನ್ನು ಅಟ್ಟಿ ಹಾಕಿದಾಗ ಕೊನೆಗೆ ಇಟ್ಟ ಗೋಣಿಯನ್ನೇ ಮೊದಲು ತೆಗೆಯಬೇಕು, ಅಡಿಯದ್ದನ್ನು ಎಳೆಯಲು ಹೋದರೆ ಅಟ್ಟಿ ಮಗುಚುತ್ತದೆ. ಕ್ಯೂ ಎಂದರೆ ಮಠದ ಊಟದ ಸಾಲು. ಅಟ್ಟಿ ಎಂದು ಬರೆದ ಆ ರಾತ್ರಿ ನನಗೆ ಮೊದಲ ಬಾರಿ ಈ ವಿಷಯ ನನ್ನದು ಅನ್ನಿಸಿತು. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆದೆ, ಆದರೆ ಯೋಚನೆ ಮಾಡಿದ್ದು ಕನ್ನಡದಲ್ಲಿ. ಎರಡನೆಯ ವರ್ಷದ ಹೊತ್ತಿಗೆ ತರಗತಿಯ ಇತರರು ನನ್ನ ಪುಸ್ತಕವನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು.

ಮಾತನಾಡುವ ಇಂಗ್ಲಿಷ್ ಬೇರೆ ವಿಷಯ. ಅದಕ್ಕೆ ನಾನೂ ನನ್ನ ಗೆಳತಿಯೂ ಬಸ್ಸಿನಲ್ಲಿ ಬರುವಾಗ ದಿನಕ್ಕೊಂದು ಪ್ರೋಗ್ರಾಮನ್ನು ಪರಸ್ಪರ ಇಂಗ್ಲಿಷಿನಲ್ಲಿ ವಿವರಿಸುವ ಅಭ್ಯಾಸ ಇಟ್ಟುಕೊಂಡೆವು. ಸಂದರ್ಶನದಲ್ಲಿ ಕೇಳುವುದೂ ಅಷ್ಟನ್ನೇ. ಇನ್ನೊಂದು ಮುಖ್ಯ ಸಂಗತಿ: ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 5ರ ಮೀಸಲಾತಿ ಇದೆ. ಶಾಲೆಯಿಂದ ಆ ಪ್ರಮಾಣಪತ್ರ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಮೇಲುಸಹಿ ಮಾಡಿಸಿದ್ದೀರಾ?

ದಕ್ಕೆಯ ಹುಡುಗಿ, ಮಲ್ಪೆ

ಅಕ್ಕಾ, ಪ್ರಮಾಣಪತ್ರ ಕೊಟ್ಟಿದ್ದೇನೆ. ‘ಅಟ್ಟಿ’ ಎಂದದ್ದು ಓದಿ ಬಹಳ ಧೈರ್ಯ ಬಂತು. ಬೋಟಿನ ಮಂಜುಗಡ್ಡೆಯ ಕೋಣೆಯಲ್ಲಿ ಮೀನಿನ ಪೆಟ್ಟಿಗೆಗಳನ್ನು ಇಡುವುದೂ ಹಾಗೆಯೇ.

ಲೆಡ್ಜರ್ ಕಾಲದವನು

ನಾನು ನಿವೃತ್ತ ಬ್ಯಾಂಕ್ ನೌಕರ. ಫೀಸಿನ ವಿಚಾರದಲ್ಲಿ ಎರಡು ಮಾತು ಹೇಳುತ್ತೇನೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಕೋಟಾದಲ್ಲಿ ಬೋಧನಾ ಶುಲ್ಕದ ವಿನಾಯಿತಿ ಸಿಗುವ ಸೀಟುಗಳಿರುತ್ತವೆ. ಅದಕ್ಕೆ ವರಮಾನ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಅವಧಿ ಮುಗಿದಿದ್ದರೆ ಇವತ್ತೇ ನಾಡಕಚೇರಿಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’ ಸಾಲ ಇದೆ. ಬ್ಯಾಂಕಿನ ಶಿಕ್ಷಣ ಸಾಲವಾದರೆ 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಯಾವ ಶಾಖೆಯವರಾದರೂ ಕೇಳಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಹೇಳಿ. ಓದುತ್ತಿರುವಷ್ಟು ಕಾಲ ಅಸಲು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಅಪ್ಪನಿಗೆ ಒಳ್ಳೆಯ ಮೀನು ಬಿದ್ದ ತಿಂಗಳು ಸ್ವಲ್ಪ ಸ್ವಲ್ಪ ಬಡ್ಡಿ ಕಟ್ಟಿಟ್ಟರೆ ಕೊನೆಗೆ ಹೊರೆ ಇಳಿಯುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಮಾಹಿತಿ ತಂತ್ರಜ್ಞಾನ ಓದುವಾಗ ಡಿಬಿಎಂಎಸ್ ಪುಸ್ತಕದಲ್ಲಿ ‘ಟ್ರಾನ್ಸಾಕ್ಷನ್’ ಎಂಬ ಅಧ್ಯಾಯ ಅರ್ಥವಾಗುವುದಿಲ್ಲ ಎಂದು ನನ್ನ ಬಳಿ ತಂದಳು. ಓದಿ ನೋಡಿದರೆ ಅದು ನಾವು ನಿತ್ಯ ಮಾಡುತ್ತಿದ್ದ ಕೆಲಸ. ಒಂದು ಖಾತೆಯಿಂದ ಇನ್ನೊಂದಕ್ಕೆ 500 ರೂಪಾಯಿ ವರ್ಗಾಯಿಸುವಾಗ ಖರ್ಚಿನ ನಮೂದು ಆಗಿ ಜಮೆಯ ನಮೂದು ಆಗದಿದ್ದರೆ ಸಂಜೆ ಡೇಬುಕ್ ತಾಳೆಯಾಗುತ್ತಿರಲಿಲ್ಲ. ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. 35 ಪೈಸೆಯ ವ್ಯತ್ಯಾಸ ಹುಡುಕುತ್ತ ರಾತ್ರಿ ಹತ್ತೂವರೆಯವರೆಗೆ, ಕರೆಂಟು ಹೋದ ಮೇಲೆ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ನಾಲ್ಕು ಜನ ಲೆಡ್ಜರ್ ತಿರುವಿದ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡೂ ನಮೂದು ಆಗಬೇಕು, ಇಲ್ಲವೇ ಎರಡೂ ಆಗಬಾರದು. ಪುಸ್ತಕದಲ್ಲಿ ‘ಅಟಾಮಿಸಿಟಿ’ ಎಂದು ಬರೆದದ್ದು ಇದನ್ನೇ. 1980ರ ದಶಕದ ಕೊನೆಯ ಹೊತ್ತಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದಾಗ ನಾವು ಕೆಲಸ ಹೋಯಿತೆಂದು ಹೆದರಿ ಪ್ರತಿಭಟಿಸಿದವರು. ಆದರೆ ಆ ಯಂತ್ರ ತಪ್ಪು ತೋರಿಸಿದಾಗ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವನು ಲೆಡ್ಜರ್ ಬರೆದು ಗೊತ್ತಿದ್ದವನೇ ಆಗಿದ್ದ.

ಬೆಂದೂರ್‌ವೆಲ್ ತಂದೆ

ಇಲ್ಲಿ ಎಲ್ಲರೂ ಯಾವುದನ್ನು ಓದಬೇಕು ಎಂದು ಮಾತನಾಡುತ್ತಿದ್ದೀರಿ, ಓದಬೇಕೇ ಬೇಡವೇ ಎಂದು ಯಾರೂ ಕೇಳುತ್ತಿಲ್ಲ. ನನ್ನ ಅಣ್ಣನ ಮಗನಿಗೆ ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗಿ ಆಫರ್ ಪತ್ರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸೇರುವ ದಿನಾಂಕವೇ ಬರಲಿಲ್ಲ. ಮನೆಯವರು ಮದುವೆ ಮನೆಗೆ ಹೋಗುವುದನ್ನೇ ಬಿಟ್ಟರು, ಹೋದಲ್ಲೆಲ್ಲ ಅದೇ ಪ್ರಶ್ನೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೋಡು ಬರೆಯುವ ಕೆಲಸವನ್ನು ಯಂತ್ರವೇ ಮಾಡುತ್ತಿದೆ. ನಾಲ್ಕು ವರ್ಷದ ನಂತರ ಏನಿರುತ್ತದೆ ಎಂದು ಯಾರು ಹೇಳಬಲ್ಲರು? ಸಾಲ ಮಾಡಿ ಓದಬೇಕಾದ ಮನೆಗೆ ಈ ಪ್ರಶ್ನೆ ಚಿಕ್ಕದಲ್ಲ. ನರ್ಸಿಂಗ್ ಓದಿಸಿ ಎಂದು ನಾನು ಹೇಳುತ್ತೇನೆ.

ಶಿರಾಡಿ ದಾಟಿದವನು

ನಿಮ್ಮ ಆತಂಕ ನ್ಯಾಯವಾದದ್ದು ಸರ್. ಹೊಸಬರ ನೇಮಕಾತಿ ಮೊದಲಿನಂತಿಲ್ಲ. ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಆರಂಭದ ಸಂಬಳವೂ ಎಷ್ಟೋ ವರ್ಷಗಳಿಂದ ಹೆಚ್ಚು ಅಲುಗಾಡಿಲ್ಲ. ಆದರೆ ನಾನು ನಿತ್ಯ ಆ ಉಪಕರಣಗಳನ್ನು ಬಳಸುವವನು. ಕಳೆದ ತಿಂಗಳು ನಮ್ಮ ತಂಡದ ಹೊಸಬನೊಬ್ಬ ಅದು ಬರೆದುಕೊಟ್ಟ ಕೋಡನ್ನು ಹಾಗೆಯೇ ಸೇರಿಸಿದ. ಅದರಲ್ಲಿ ಹಣದ ಮೊತ್ತವನ್ನು ‘ಫ್ಲೋಟ್’ (ದಶಮಾಂಶ ಸಂಖ್ಯೆ) ಆಗಿ ಇಟ್ಟಿತ್ತು. ಕಂಪ್ಯೂಟರಿನಲ್ಲಿ 0.1 ಮತ್ತು 0.2ನ್ನು ಹಾಗೆ ಕೂಡಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ, ಏಕೆಂದರೆ ಎರಡರ ಮಾನದ ಪದ್ಧತಿಯಲ್ಲಿ 0.1 ಎಂಬುದು ಮುಗಿಯದ ಭಿನ್ನರಾಶಿ. ಒಂದು ಬಿಲ್ಲಿನಲ್ಲಿ ಇದು ಕಾಣುವುದಿಲ್ಲ, ಲಕ್ಷ ಬಿಲ್ಲುಗಳು ಸೇರಿದಾಗ ತಾಳೆ ತಪ್ಪುತ್ತದೆ. ಅದನ್ನು ಹಿಡಿದವಳು ಎರಡು ವರ್ಷದ ಅನುಭವದ ಹುಡುಗಿ, ಕಾಲೇಜಿನಲ್ಲಿ ಸಂಖ್ಯೆಗಳನ್ನು ಯಂತ್ರ ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಪಾಠವನ್ನು ಮನಸ್ಸಿಟ್ಟು ಓದಿದ್ದಳು. ಕೋಡು ಬರೆಯುವ ಶ್ರಮ ಕಡಿಮೆಯಾಗಿದೆ, ಬರೆದದ್ದು ಸರಿಯೇ ಎಂದು ತಿಳಿಯುವ ಶ್ರಮ ಹೆಚ್ಚಾಗಿದೆ. ಬರೀ ಅಂಕಪಟ್ಟಿಗಾಗಿ ಓದುವುದಾದರೆ ನೀವು ಹೇಳಿದಂತೆ ಬೇಡ. ಬೇರಿನಿಂದ ಕಲಿಯುವ ಮನಸ್ಸಿದ್ದರೆ ಓದಲಿ.

ಬೆಂದೂರ್‌ವೆಲ್ ತಂದೆ

ಬೇರಿನಿಂದ ಕಲಿಸುವ ಕಾಲೇಜು ಎಷ್ಟಿವೆ? ನನ್ನ ಅಣ್ಣನ ಮಗ ಲ್ಯಾಬ್ ರೆಕಾರ್ಡನ್ನು ಸೀನಿಯರ್ ಪುಸ್ತಕ ನೋಡಿ ನಕಲು ಮಾಡುತ್ತಿದ್ದ, ಸಹಿ ಬೀಳುತ್ತಿತ್ತು. ನಾನು ಹೇಳಿದ್ದನ್ನು ಹಿಂದೆಗೆದುಕೊಳ್ಳುವುದಿಲ್ಲ.

ಬಿಸಿಎ ಮೇಡಂ

ಸಹಿ ಹಾಕುವ ಕೈ ನನ್ನದೂ ಹೌದು, ಹಾಗಾಗಿ ಈ ಮಾತು ನನಗೆ ನಾಟಿತು. ಒಂದು ಬ್ಯಾಚಿಗೆ ಮೂವತ್ತು ಮಕ್ಕಳು, ಎರಡು ಗಂಟೆಯ ಲ್ಯಾಬು, ಅದರಲ್ಲಿ ಹಾಜರಿ, ವೈವಾ, ರೆಕಾರ್ಡು. ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ. ಎರಡು ವರ್ಷದಿಂದ ನಾನು ಒಂದು ಬದಲಾವಣೆ ಮಾಡಿದ್ದೇನೆ. ಓಡುತ್ತಿರುವ ಪ್ರೋಗ್ರಾಮಿನಲ್ಲಿ ನಾನೇ ಒಂದು ಸಾಲನ್ನು ಕೆಡಿಸಿ, ಅದನ್ನು ಸರಿಮಾಡಿದ ಮೇಲೆಯೇ ಸಹಿ ಹಾಕುತ್ತೇನೆ. ನಕಲು ಮಾಡಿದವರು ಅಲ್ಲಿ ನಿಲ್ಲುತ್ತಾರೆ, ತಾವೇ ಬರೆದವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಕದ್ರಿ ಗುಡ್ಡೆ

ಡಿಪ್ಲೊಮಾ ದಾರಿಯನ್ನು ಯಾರೂ ಹೇಳಲಿಲ್ಲ. ಮಂಗಳೂರಿನ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ಇದೆ. ಅಲ್ಲಿ ಓದಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಮೂರನೆಯ ಸೆಮಿಸ್ಟರಿಗೆ ನೇರವಾಗಿ ಸೇರಿದವನು ನಾನು. ಪಿಯುಸಿ ಮುಗಿಸಿದವರಿಗೆ ಇದು ತಡವಾಯಿತು ನಿಜ, ಆದರೆ ಮನೆಯಲ್ಲಿ ಹತ್ತನೆಯ ತರಗತಿಯ ತಮ್ಮ, ತಂಗಿ ಇದ್ದರೆ ನೆನಪಿಡಿ.

ನಂತೂರು ವೃತ್ತ

ಒಂದು ಎಚ್ಚರಿಕೆ. ಪದವಿ ಮುಗಿದ ಮೇಲೆ ಕೆಲಸ ಸಿಗದ ಮೂರು ತಿಂಗಳಲ್ಲಿ ನಾನು ನಗರದ ಒಂದು ತರಬೇತಿ ಸಂಸ್ಥೆಗೆ ಸೇರಿದೆ. ಕೆಲಸ ಖಂಡಿತ ಎಂದು ಹೇಳಿ 45,000 ರೂಪಾಯಿ ಕಟ್ಟಿಸಿಕೊಂಡರು. ಕಲಿಸಿದ್ದೆಲ್ಲ ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುವುದಕ್ಕಿಂತ ಕಡಿಮೆ. ಕೊನೆಗೆ ಕಳುಹಿಸಿದ ಸಂದರ್ಶನಗಳಲ್ಲಿ ಎರಡು ಕಡೆ ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿ ಎರಡು ವರ್ಷದ ಬಾಂಡ್ ಬರೆದುಕೊಡಿ ಎಂದರು. ಅಮ್ಮ ಬಳೆ ಅಡವಿಟ್ಟ ಹಣ ಅದು. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ.

ಹೆಬ್ರಿ ಬಸ್ಸು

ಇದನ್ನು ಓದಿ ಸಂಕಟವಾಯಿತು. ಈಗ ಕೆಲಸ ಸಿಕ್ಕಿದೆಯೇ?

ನಂತೂರು ವೃತ್ತ

ಸಿಕ್ಕಿದೆ. ಎನ್‌ಪಿಟಿಇಎಲ್‌ನಲ್ಲೇ ನೆಟ್‌ವರ್ಕಿಂಗ್ ಮತ್ತೆ ಓದಿ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅಭ್ಯಾಸ ಮಾಡಿದೆ. ಈಗ ಮುಡಿಪು ಕಡೆಗೆ ದಿನಾ ಹೋಗಿ ಬರುತ್ತೇನೆ.

ಕುಂಜಿಬೆಟ್ಟು ನಿವಾಸಿ

ಊರಲ್ಲೇ ಕೆಲಸ ಸಿಗುವುದಾದರೆ ಹೆಣ್ಣುಮಕ್ಕಳ ಮನೆಯವರಿಗೆ ದೊಡ್ಡ ನೆಮ್ಮದಿ. ಅದಕ್ಕೆ ಅವಕಾಶ ಎಷ್ಟಿದೆ?

ಹೆಬ್ರಿ ಬಸ್ಸು

ಬೆಂಗಳೂರಿನಷ್ಟಿಲ್ಲ, ಆದರೆ ಇದೆ. ರೋಬೋಸಾಫ್ಟ್ 1996ರಲ್ಲಿ ಉಡುಪಿಯಲ್ಲೇ ಆರಂಭವಾದ ಕಂಪನಿ. ಮಂಗಳೂರಿನಲ್ಲಿ ಇನ್ಫೋಸಿಸ್‌ಗೆ ಕೊಟ್ಟಾರದಲ್ಲೂ ಮುಡಿಪಿನಲ್ಲೂ ಕ್ಯಾಂಪಸ್ಸುಗಳಿವೆ. ಇವುಗಳ ಜೊತೆಗೆ ನಲವತ್ತು, ಐವತ್ತು ಜನರ ಕಂಪನಿಗಳು ಹಲವು ಇವೆ. ಸಣ್ಣ ಕಂಪನಿಯಲ್ಲಿ ಮೊದಲ ಎರಡು ವರ್ಷ ಎಲ್ಲ ಕೆಲಸವೂ ಕೈಗೆ ಬರುತ್ತದೆ. ನನಗೆ ಅದು ಬಹಳ ಉಪಕಾರವಾಯಿತು. ಆದರೆ ಹೆಣ್ಣುಮಗಳೆಂದು ಊರಲ್ಲೇ ಇರಲಿ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವಳಿಗೆ ಒಳ್ಳೆಯ ಅವಕಾಶ ಎಲ್ಲಿದೆಯೋ ಅಲ್ಲಿಗೆ ರಾತ್ರಿ ಬಸ್ಸು ಇದೆ.

ದಕ್ಕೆಯ ಹುಡುಗಿ, ಮಲ್ಪೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಪ್ಪ, ಅಮ್ಮ, ನಾನು ಕುಳಿತು ಮಾತನಾಡಿದೆವು. ಆಪ್ಷನ್ ಎಂಟ್ರಿಯಲ್ಲಿ ಇನ್ಫರ್ಮೇಶನ್ ಸೈನ್ಸನ್ನೇ ಮೊದಲು ಹಾಕುತ್ತೇನೆ. ಎಸ್‌ಎನ್‌ಕ್ಯು ಸಿಗದೆ, ಸಾಲವೂ ಆಗದೆ ಹೋದರೆ ಬಿಸಿಎಗೆ ಸೇರುತ್ತೇನೆ. ಮೇಡಂ ಹೇಳಿದ್ದನ್ನು ಓದಿದ ಮೇಲೆ ಆ ದಾರಿಯ ಬಗ್ಗೆ ಈಗ ಬೇಸರವಿಲ್ಲ. ಬೆಂದೂರ್‌ವೆಲ್ ಅಂಕಲ್ ಹೇಳಿದ್ದನ್ನು ಅಪ್ಪ ಎರಡು ಸಲ ಓದಿಸಿ ಕೇಳಿದರು. ಕಾಲೇಜು ಆರಂಭವಾಗುವವರೆಗೆ ನಾನು ಏನು ಕಲಿಯಬೇಕು? ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಇದೆ.

ಐದನೇ ಸೆಮಿಸ್ಟರ್, ಅಡ್ಯಾರು

ಲ್ಯಾಪ್‌ಟಾಪನ್ನು ಈಗಲೇ ಸಾಲ ಮಾಡಿ ಕೊಳ್ಳಬೇಡಿ. ಮೊದಲ ವರ್ಷ ಲ್ಯಾಬಿನ ಕಂಪ್ಯೂಟರು ಸಾಕಾಗುತ್ತದೆ. ಆಮೇಲೆ ಹಳೆಯದನ್ನು ಕೊಂಡರೂ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ನಮ್ಮ ಕೆಲಸಕ್ಕೆ ಧಾರಾಳ.

ಶಿರಾಡಿ ದಾಟಿದವನು

ಮೊಬೈಲಿನಲ್ಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಓಡಿಸಬಹುದು ತಂಗಿ. ಪಾಠದ ವಿಡಿಯೊಗಳನ್ನು ಹತ್ತು ಗಂಟೆ ನೋಡುವ ಬದಲು ಒಂದು ಕೆಲಸ ಮಾಡು. ಅಪ್ಪ ಬೋಟಿನ ಲೆಕ್ಕ ಬರೆಯುವ ಪುಸ್ತಕ ಇರುತ್ತದಲ್ಲ, ಮೀನು ಮಾರಿದ ಹಣ, ಡೀಸೆಲ್, ಮಂಜುಗಡ್ಡೆ, ರೇಷನ್, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು. ಅದರಲ್ಲಿ ಒಂದು ಟ್ರಿಪ್ಪಿನ ಲೆಕ್ಕವನ್ನು ಪ್ರೋಗ್ರಾಮ್ ಆಗಿ ಬರೆ. ಪುಸ್ತಕದ ಉತ್ತರವೂ ನಿನ್ನ ಉತ್ತರವೂ ತಾಳೆಯಾಗಬೇಕು.

ದಕ್ಕೆಯ ಹುಡುಗಿ, ಮಲ್ಪೆ

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ. ಗಾಳಿಮಳೆಗೆ ಎರಡು ದಿನ ಕರೆಂಟು ಇರಲಿಲ್ಲ. ಪ್ರೋಗ್ರಾಮು ಬರೆದೆ, ಓಡಿತು, ಆದರೆ ತಾಳೆಯಾಗಲಿಲ್ಲ. ಪಾಲಿಗೆ ಉಳಿದದ್ದು 25,000 ರೂಪಾಯಿ, ಜನ 7. ಭಾಗಿಸಿದರೆ 3571ರ ಮುಂದೆ ದಶಮಾಂಶದ ಉದ್ದ ಬಾಲ ಬರುತ್ತದೆ. ಅಪ್ಪನ ಪುಸ್ತಕದಲ್ಲಿ ಎಲ್ಲರಿಗೂ 3571 ಎಂದಿದೆ. ಏಳು ಪಾಲು ಕೂಡಿದರೆ 24,997 ಆಗುತ್ತದೆ, 3 ರೂಪಾಯಿ ಉಳಿಯುತ್ತದೆ.

ಶಿರಾಡಿ ದಾಟಿದವನು

ಬಹಳ ಒಳ್ಳೆಯ ಜಾಗದಲ್ಲಿ ಸಿಕ್ಕಿಬಿದ್ದಿದ್ದೀ. ಪೈಥಾನಿನಲ್ಲಿ ಭಾಗಿಸುವಾಗ ಒಂದು ಓರೆಗೆರೆಯ (/) ಬದಲು ಎರಡು ಓರೆಗೆರೆ (//) ಹಾಕಿದರೆ ಪೂರ್ಣಾಂಕದ ಭಾಗಲಬ್ಧ ಮಾತ್ರ ಸಿಗುತ್ತದೆ, ಶೇಕಡಾ ಚಿಹ್ನೆ ಹಾಕಿದರೆ ಶೇಷ ಸಿಗುತ್ತದೆ. ದಶಮಾಂಶವನ್ನು ಮುಟ್ಟಲೇ ಬೇಡ.

ಲೆಡ್ಜರ್ ಕಾಲದವನು

ಮಗಾ, ಆ 3 ರೂಪಾಯಿಯನ್ನು ಬಿಟ್ಟುಬಿಡಬಾರದು. ಅದಕ್ಕೊಂದು ಖಾತೆ ಇರಲೇಬೇಕು. ಅಪ್ಪ ಅದನ್ನು ಎಲ್ಲಿ ಬರೆದಿದ್ದಾರೆ ಎಂದು ನೋಡು.

ದಕ್ಕೆಯ ಹುಡುಗಿ, ಮಲ್ಪೆ

ನೋಡಿದೆ ಸರ್. ಮುಂದಿನ ಟ್ರಿಪ್ಪಿನ ಪುಟದ ಮೇಲ್ಗಡೆ, ಮೊದಲ ಸಾಲಿನಲ್ಲಿಯೇ ‘ಹಿಂದಿನ ಬಾಕಿ 3’ ಎಂದು ಇದೆ. ಅದರ ಹಿಂದಿನ ಪುಟಗಳಲ್ಲೂ ಹಾಗೆಯೇ ಇದೆ, ಒಂದು ಕಡೆ 5, ಒಂದು ಕಡೆ 1. ಇದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ. ಈಗ ಶೇಷವನ್ನು ಮುಂದಿನ ಟ್ರಿಪ್ಪಿಗೆ ಒಯ್ಯುವಂತೆ ಪ್ರೋಗ್ರಾಮು ತಿದ್ದುತ್ತಿದ್ದೇನೆ. ಮೊದಲ ಎರಡು ಟ್ರಿಪ್ಪು ತಾಳೆಯಾಗಿದೆ, ಮೂರನೆಯದರಲ್ಲಿ ಅರ್ಧದಲ್ಲಿ ಇಳಿದುಹೋದ ಒಬ್ಬ ಕಲಾಸಿಗೆ ಅರ್ಧ ಪಾಲು ಎಂದು ಬರೆದಿದೆ. ಅದನ್ನು ಹೇಗೆ ಬರೆಯಲಿ?

ಶಿರಾಡಿ ದಾಟಿದವನು

ಪಾಲುಗಳನ್ನು ಅರ್ಧದ ಲೆಕ್ಕದಲ್ಲೇ ಎಣಿಸು. ಪೂರ್ಣ ಪಾಲಿನವರಿಗೆ ಎರಡೆರಡು, ಅವನಿಗೆ ಒಂದು. ಒಟ್ಟು ಅರ್ಧಗಳಿಂದ ಭಾಗಿಸು. ಆಗಲೂ ಎಲ್ಲವೂ ಪೂರ್ಣಾಂಕದಲ್ಲೇ ಉಳಿಯುತ್ತದೆ. ಬರೆದು ಇಲ್ಲಿ ಹಾಕು, ನೋಡೋಣ.